ಸೇವಾಕರ್ತರು ಬೇಕಾಗಿದ್ದಾರೆ

“ಹೌಸ್‌ಫುಲ್ ಬೋರ್ಡು ಹಾಕಿದ್ದರು. ಇನ್ನೂರು ರೂಪಾಯಿ ತೆತ್ತೇ ಒಳಗೆ ಹೋಗಿದ್ದೆವು. ನಾಟಕ ಮುಗಿದ ಮೇಲೆ ನೋಡಿದರೆ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಾರೆ. ಇವರಿಗೆ ಎಷ್ಟು ಬಂದರೆ ಸಾಕು?” ಈ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಈ ಅಂಕಣಕ್ಕೆ ಮೇಲಿಂದ ಮೇಲೆ ಬರುತ್ತಿರುತ್ತದೆ. ಕೆಲವರದ್ದು ಸಿಟ್ಟು, ಕೆಲವರದ್ದು ಬರೀ ಕುತೂಹಲ. ಇನ್ನು ಕೆಲವರು ತಾವೇ ಯಾವುದೋ ನಾಟಕ ತಂಡದ, ಯಕ್ಷಗಾನ ಮಂಡಳಿಯ ಹಣ ಹೊಂದಿಸುವ ಕೆಲಸಕ್ಕೆ ಸಿಕ್ಕಿಬಿದ್ದಿರುವುದಾಗಿ ಹೇಳಿಕೊಂಡು, ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತಾರೆ. ಮೊದಲನೆಯವರಿಗೆ ಸರಿಯಾಗಿ ಉತ್ತರ ಹೇಳಿದರೆ ಎರಡನೆಯವರ ಅರ್ಧ ಕೆಲಸ ಮುಗಿದಂತೆ.

ಲೆಕ್ಕ ಬರೆದೇ ನೋಡಬಹುದು. ಮುನ್ನೂರು ಕುರ್ಚಿಯ ಸಭಾಂಗಣ, 200 ರೂಪಾಯಿ ಟಿಕೆಟ್. ಪಾಸು ಹಿಡಿದು ಬಂದವರು, ‘ನಮ್ಮ ಹುಡುಗನದ್ದೇ ಪಾರ್ಟು’ ಎಂದು ಒಳಗೆ ನುಗ್ಗಿದವರು ಯಾರೂ ಇಲ್ಲವೆಂದೇ ಇಟ್ಟುಕೊಂಡರೆ ಒಂದು ರಾತ್ರಿಗೆ 60,000 ರೂಪಾಯಿ. ತಂಡದಲ್ಲಿ 18 ಜನ, ತಾಲೀಮು ಎರಡು ತಿಂಗಳು. ತಲಾ ತಿಂಗಳಿಗೆ 15,000 ಕೊಟ್ಟರೂ, ಅದರಲ್ಲಿ ಬೆಂಗಳೂರಿನಲ್ಲಿ ಸಂಸಾರ ಸಾಗುವುದಿಲ್ಲ ಎಂಬುದು ಬೇರೆ ಮಾತು, ಒಟ್ಟು 5,40,000 ಆಗುತ್ತದೆ. ಅಂದರೆ ಒಂಬತ್ತು ಹೌಸ್‌ಫುಲ್ ಪ್ರದರ್ಶನಗಳ ಇಡೀ ಗಲ್ಲಾ ತಾಲೀಮಿಗೇ ಹೋಯಿತು. ಸಭಾಂಗಣದ ಬಾಡಿಗೆ, ಲೈಟು, ಮೈಕು, ಸೆಟ್ಟು ಸಾಗಿಸುವ ವ್ಯಾನು, ಬಣ್ಣ, ಕರಪತ್ರ, ರಾತ್ರಿಯ ಚಿತ್ರಾನ್ನದ ಪೊಟ್ಟಣ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಾಗಾದರೆ ಇಷ್ಟೊಂದು ನಾಟಕ ನಡೆಯುವುದು ಹೇಗೆ? ಹವ್ಯಾಸಿ ತಂಡಗಳಲ್ಲಿ ಆ 5,40,000 ರೂಪಾಯಿಯನ್ನು ಯಾರೂ ಯಾರಿಗೂ ಕೊಡುವುದಿಲ್ಲ, ಅಷ್ಟೆ. ಬ್ಯಾಂಕಿನಿಂದ, ಶಾಲೆಯಿಂದ, ಗ್ಯಾರೇಜಿನಿಂದ ಸಂಜೆ ನೇರವಾಗಿ ತಾಲೀಮಿಗೆ ಬಂದು ರಾತ್ರಿ ಕೊನೆಯ ಬಸ್ಸಿಗೆ ಓಡುವ ನಟನೇ ಕನ್ನಡ ರಂಗಭೂಮಿಯ ಅತಿ ದೊಡ್ಡ ದಾನಿ. ಅವನ ಹೆಸರಿಗೆ ಮಾತ್ರ ಯಾರೂ ರಸೀದಿ ಹರಿಯುವುದಿಲ್ಲ.

ಇದು ಕನ್ನಡದವರ ಹಣೆಬರಹವಷ್ಟೇ ಎಂದುಕೊಳ್ಳಬೇಕಿಲ್ಲ. ವಿಲಿಯಂ ಬಾಮಾಲ್ ಮತ್ತು ವಿಲಿಯಂ ಬೊವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲಿ ರಂಗಕಲೆಗಳ ಹಣಕಾಸಿನ ಮೇಲೆ ದಪ್ಪ ಪುಸ್ತಕವೊಂದನ್ನು ಬರೆದರು. ಅವರ ವಾದ ಸರಳ. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕೆಲಸಗಾರ ದಿನಕ್ಕೆ ತಯಾರಿಸುವ ಮಾಲು ಹೆಚ್ಚುತ್ತದೆ, ಅದರ ಬೆನ್ನಿಗೆ ಸಂಬಳವೂ ಹೆಚ್ಚುತ್ತದೆ. ನಾಲ್ವರು ನುಡಿಸುವ ಬೀಥೋವನ್ ಕೃತಿಗೆ ಅಂದೂ ನಾಲ್ವರೇ ಬೇಕಿತ್ತು, ಇಂದೂ ನಾಲ್ವರೇ ಬೇಕು, ಹಿಡಿಯುವ ಹೊತ್ತೂ ಅಷ್ಟೇ. ಆ ನಾಲ್ವರ ಮನೆ ಬಾಡಿಗೆ, ಮಕ್ಕಳ ಫೀಸು ಮಾತ್ರ ಕಾರ್ಖಾನೆಯವರದ್ದರ ಜೊತೆಜೊತೆಗೇ ಏರುತ್ತ ಹೋಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕೌರವನ ವೇಷಕ್ಕೆ ಅರ್ಧ ಆಳು ಸಾಲದು. ತಾಳಮದ್ದಳೆಯಲ್ಲಿ ಕರ್ಣ ತನ್ನ ಸಂಕಟವನ್ನೆಲ್ಲ ಎರಡು ಪಟ್ಟು ವೇಗದಲ್ಲಿ ಹೇಳಿ ಮುಗಿಸಿದರೆ ಉತ್ಪಾದನೆ ಹೆಚ್ಚಿತು ಎಂದು ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಾಗಾಗಿ ಗಳಿಕೆಗೂ ಖರ್ಚಿಗೂ ನಡುವಿನ ಕಂದಕ ತಂಡದ ಅದಕ್ಷತೆಯಿಂದ ಹುಟ್ಟಿದ್ದಲ್ಲ, ಅದು ಕಸುಬಿನೊಳಗೇ ಇದೆ. ಟಿಕೆಟ್ ದರ ಏರಿಸಿ ಮುಚ್ಚಲು ಹೊರಟರೆ ನಾಟಕ ನೋಡಬೇಕಾದವರೇ ಹೊರಗೆ ಉಳಿಯುತ್ತಾರೆ. ಸರ್ಕಾರ ಕೂಡ ನಾಟಕದ ಟಿಕೆಟಿಗೆ 500 ರೂಪಾಯಿವರೆಗೆ ಜಿಎಸ್‌ಟಿ ಬಿಟ್ಟಿದೆ, ಅದಕ್ಕಿಂತ ಮೇಲೆ ಹೋದರೆ ಹಾಕುತ್ತದೆ. ಮರ್ಯಾದಸ್ಥ ಟಿಕೆಟ್ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಸರ್ಕಾರಿ ಗೆರೆ ಅದು.

ಕಂದಕ ಇದ್ದೇ ಇರುವುದಾದರೆ ಅದನ್ನು ತುಂಬಲು ಒಬ್ಬರು ಬೇಕು. ಅಮೆರಿಕದ ರಂಗಸಂಸ್ಥೆಗಳಲ್ಲಿ ಅದಕ್ಕೊಂದು ಹುದ್ದೆಯೇ ಇದೆ, ಡೆವಲಪ್‌ಮೆಂಟ್ ಡೈರೆಕ್ಟರ್ ಎಂದು. ಕನ್ನಡಕ್ಕೆ ತಂದು ‘ಅಭಿವೃದ್ಧಿ ನಿರ್ದೇಶಕರು’ ಎಂದು ಬೋರ್ಡು ಹಾಕಿದರೆ ರಸ್ತೆಗುಂಡಿಯ ಅರ್ಜಿ ಹಿಡಿದು ಜನ ಬಂದಾರು. ನಮ್ಮಲ್ಲಿ ಈ ಕೆಲಸ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರ ತಲೆಗೆ ಬರುತ್ತದೆ. ಸಂಸ್ಥೆ ಕಟ್ಟಿದ ಹಿರಿಯರು, ಇಲ್ಲವೇ ಊರಲ್ಲಿ ನಾಲ್ಕು ಜನರ ಪರಿಚಯ ಇರುವ ನಟ, ಇಲ್ಲವೇ ಬೇಡ ಬೇಡ ಎಂದರೂ ಬಿಡದೆ ಖಜಾಂಚಿ ಮಾಡಿಸಿಕೊಂಡ ಬಡಪಾಯಿ.

ಈ ಅಂಕಣಕಾರ ಮೂರನೆಯ ಜಾತಿ. ಮಲೆನಾಡಿನ ತಾಲೂಕು ಕೇಂದ್ರವೊಂದರ ಹವ್ಯಾಸಿ ತಂಡದಲ್ಲಿ ಐದಾರು ವರ್ಷ ರಸೀದಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಪೇಟೆ ತಿರುಗಿದ್ದುಂಟು. ಅಲ್ಲಿ ಕಲಿತ ಮೊದಲ ಪಾಠ, ಪುಸ್ತಕದ ಮೊದಲ ಹಾಳೆ ಬಹಳ ಮುಖ್ಯ ಎಂಬುದು. ಜವಳಿ ಅಂಗಡಿಯವರಾಗಲಿ, ಹಾರ್ಡ್‌ವೇರ್‌ನವರಾಗಲಿ, ಕೈಗೆ ಪುಸ್ತಕ ಬಂದೊಡನೆ ಪೆನ್ನು ತೆಗೆಯುವುದಿಲ್ಲ. ಮೊದಲು ಹಿಂದಿನ ಹಾಳೆಗಳನ್ನು ತಿರುವುತ್ತಾರೆ. ಯಾರು ಎಷ್ಟು ಬರೆದಿದ್ದಾರೆ? ಬೋಣಿಯವರು 101 ಬರೆದಿದ್ದರೆ ಸಂಜೆವರೆಗೂ 101ರ ಸರಮಾಲೆಯೇ. 1,001 ಇದ್ದರೆ ನಂತರದವರು ಒಮ್ಮೆ ಕೆಮ್ಮಿ 501 ಬರೆಯುತ್ತಾರೆ. ಆದ್ದರಿಂದ ತಂಡದ ಹಿರಿಯರು ಮೊದಲು ಕರೆದೊಯ್ಯುತ್ತಿದ್ದುದು ಅಡಿಕೆ ಮಂಡಿಯ ಯಜಮಾನರೊಬ್ಬರ ಹತ್ತಿರ. ಅವರಿಗೆ ನಾಟಕದ ಹುಚ್ಚು ಅಷ್ಟಕ್ಕಷ್ಟೆ, ಆದರೆ ತಮ್ಮ ಹಾಳೆಯ ಬೆಲೆ ಅವರಿಗೆ ಗೊತ್ತಿತ್ತು. “ನನ್ನ ಹೆಸರು ಮೊದಲಿರಲಿ, ಉಳಿದವರು ನಾಚಿಕೊಂಡು ಕೊಡ್ತಾರೆ” ಎನ್ನುತ್ತಿದ್ದರು. ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರಿನ ರಂಗಮಂದಿರ ಕಟ್ಟುವವರೂ ಇದನ್ನೇ ಮಾಡುತ್ತಾರೆ. ದೊಡ್ಡ ದೇಣಿಗೆಯೊಂದು ಖಾತ್ರಿಯಾಗುವ ತನಕ ಅಭಿಯಾನವನ್ನು ಬಹಿರಂಗವಾಗಿ ಸಾರುವುದಿಲ್ಲ. ಅದರ ಮೇಲೆ ಅವರು ಪುಸ್ತಕ ಬರೆದಿದ್ದಾರೆ. ಮಂಡಿ ಯಜಮಾನರು ಬರೆಯಲಿಲ್ಲ.

ಹೀಗೆ ಕೇಳಿ ತರುವ ದುಡ್ಡಿಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಚಂದಾ, ವಂತಿಗೆ, ದೇಣಿಗೆ, ಕಾಣಿಕೆ, ಈಚಿನದು ಪ್ರಾಯೋಜಕತ್ವ. ಇವುಗಳಲ್ಲೆಲ್ಲ ಕೊಡುವವನು ಒಂದು ಕಡೆ, ಆಡುವವನು ಒಂದು ಕಡೆ. ಕರಾವಳಿಯಲ್ಲಿ ಮಾತ್ರ ಬೇರೆಯದೊಂದು ಶಬ್ದವಿದೆ: ಸೇವಾಕರ್ತ. ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಯಕ್ಷಗಾನ ಮೇಳಗಳು ಆಡುವುದು ಹರಕೆ ಆಟ. ಮಗುವಿಗೆ ಜ್ವರ ಬಿಟ್ಟರೆ, ಕೋರ್ಟಿನ ವ್ಯಾಜ್ಯ ಮುಗಿದರೆ, ಮಗಳ ಮದುವೆಯಾದರೆ ಒಂದು ಆಟ ಆಡಿಸುತ್ತೇನೆ ಎಂದು ಹೇಳಿಕೊಂಡವರು ದೇವಸ್ಥಾನಕ್ಕೆ ಹೋಗಿ ನಿಗದಿಯಾದ ಮೊತ್ತ ಕಟ್ಟಿ ಹೆಸರು ಬರೆಸುತ್ತಾರೆ. ಅವರ ಸರದಿ ಬಂದ ದಿನ ಮೇಳದ ಲಾರಿ ಅವರ ಮನೆ ಬಯಲಿಗೇ ಬರುತ್ತದೆ. ಕರಪತ್ರದಲ್ಲಿ ಪ್ರಸಂಗದ ಹೆಸರಿನ ಜೊತೆಗೆ ಸೇವಾಕರ್ತರ ಹೆಸರೂ ಇರುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಪೂಜೆಯಾಗುವಾಗ ಮನೆಯವರೆಲ್ಲ ಕೈ ಮುಗಿದು ನಿಂತಿರುತ್ತಾರೆ. ಊರಿಗೆಲ್ಲ ಊಟ ಅವರದ್ದು. ಟಿಕೆಟ್ ಇಲ್ಲ, ದಾರಿಯಲ್ಲಿ ಹೋಗುವವರೂ ಬಂದು ಕೂತು ನೋಡಬಹುದು. ಈ ಮೇಳಗಳ ಆಟಕ್ಕೆ ಹೆಸರು ಬರೆಸಿದವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹಣ ಕೊಡಲು ಜನ ಸಾಲುಗಟ್ಟಿ ನಿಂತ ರಂಗಸಂಸ್ಥೆಯನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ, ಉಡುಪಿ ಬಸ್ಸು ಹತ್ತಿದರೆ ಸಾಕು.

ಅದೇ ಕರಾವಳಿಯ ಇನ್ನೊಂದು ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಡೇರೆ ಹಾಕಿ, ಸುತ್ತ ಪರದೆ ಕಟ್ಟಿ, ಟಿಕೆಟ್ ಮಾರಿ ಆಡುತ್ತಿದ್ದ ಮೇಳಗಳೂ ಇದ್ದವು. ಸುರತ್ಕಲ್ ಮೇಳ, ಕರ್ನಾಟಕ ಮೇಳಗಳ ಹೆಸರು ಹೇಳಿದರೆ ಇವತ್ತಿಗೂ ಹಳಬರ ಕಣ್ಣು ಅರಳುತ್ತದೆ. ದಿಗ್ಗಜ ಕಲಾವಿದರು ಅಲ್ಲಿದ್ದರು. ಆದರೂ ಆ ಮೇಳಗಳು ನಿಂತುಹೋದವು. ಬಡಗುತಿಟ್ಟಿನಲ್ಲಿ ಸಾಲಿಗ್ರಾಮ, ಪೆರ್ಡೂರಿನಂಥವು ಬಹುಕಾಲ ಈಜಿಕೊಂಡು ಬಂದವು. ಟಿಕೆಟನ್ನೇ ನಂಬಿದವರಿಗೆ ಒಂದು ಅಕಾಲದ ಮಳೆ, ಒಂದು ಕ್ರಿಕೆಟ್ ಪಂದ್ಯ ಸಾಕು. ಹರಕೆ ಮೇಳಕ್ಕೆ ಆ ದಿನದ ಖರ್ಚು ಮೊದಲೇ ಬಂದಿರುತ್ತದೆ.

ಇಲ್ಲೊಬ್ಬರು ಅಡ್ಡ ಮಾತು ಹಾಕಬಹುದು: ಹರಕೆ ಎಂದರೆ ದೇವರ ಲೆಕ್ಕ, ಅದನ್ನು ನಾಟಕಕ್ಕೆ ಹೋಲಿಸುವುದು ಹೇಗೆ? ಚೆಕಾವ್‌ಗೆ ಯಾರು ಹರಕೆ ಹೊರುತ್ತಾರೆ? ನ್ಯಾಯವಾದ ಪ್ರಶ್ನೆ. ಸಾಗರದ ಹತ್ತಿರದ ಹೆಗ್ಗೋಡಿಗೆ ಕಟೀಲಮ್ಮನ ಆಸರೆ ಇರಲಿಲ್ಲ. ಅಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹಳ್ಳಿಯ ಹವ್ಯಾಸಿಗಳ ಕೂಟ. ಅಡಿಕೆ ತೋಟದ ಕೆ.ವಿ. ಸುಬ್ಬಣ್ಣ ಅದನ್ನು ನೀನಾಸಂ ಎಂಬ ಹೆಸರಲ್ಲಿ ದೇಶಕ್ಕೆ ಪರಿಚಯಿಸಿದರು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಹಣದ ದೃಷ್ಟಿಯಿಂದ ಆ ಸಂಸ್ಥೆಯ ಚರಿತ್ರೆಯಲ್ಲಿ ಗಮನಿಸಬೇಕಾದ್ದು 1980ರ ದಶಕದ ನಡುಭಾಗ. 1983ರಿಂದ 85ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ಹಳ್ಳಿ ಹಳ್ಳಿಗೆ ಒಳ್ಳೆಯ ಸಿನಿಮಾ, ನಾಟಕ, ಶಿಬಿರ ಹೋದವು. ಹೊರಗಿನ ಹಣಕ್ಕೆ ಒಂದು ಗುಣವಿದೆ. ಬರುವಾಗಲೇ ಹೋಗುವ ತಾರೀಕನ್ನು ಜೇಬಿನಲ್ಲಿ ಇಟ್ಟುಕೊಂಡು ಬರುತ್ತದೆ. ಎಷ್ಟೋ ಸಂಸ್ಥೆಗಳು ಆ ತಾರೀಕಿನ ಮರುದಿನ ಬಾಗಿಲು ಹಾಕಿವೆ. ನೀನಾಸಂ ಹಾಕಲಿಲ್ಲ. ಅದೇ 1985ರಲ್ಲಿ ಹೆಗ್ಗೋಡಿನಿಂದ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಹೊರಟಿತು.

ತಿರುಗಾಟದ ವ್ಯವಸ್ಥೆ ಸರಳ, ಜಾಣತನದ್ದು. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಸಂಚಾರ. ನಟರು, ಸೆಟ್ಟು, ಲೈಟು ಎಲ್ಲ ತುಂಬಿಕೊಂಡ ವಾಹನ ಊರಿಂದೂರಿಗೆ ಹೋಗುತ್ತದೆ. ಪ್ರತಿ ಊರಿನಲ್ಲೂ ಒಂದು ಸ್ಥಳೀಯ ಸಂಘ, ಕಾಲೇಜು ಇಲ್ಲವೇ ಗೆಳೆಯರ ಬಳಗ ಸಂಘಟಕರಾಗಿರುತ್ತದೆ. ಪ್ರದರ್ಶನಕ್ಕೆ ಇಂತಿಷ್ಟೆಂದು ಕೊಡುವವರು ಅವರೇ, ಟಿಕೆಟ್ ಮಾರುವವರೂ ಅವರೇ. ತಂಡಕ್ಕೆ ಊಟ, ವಸತಿ ಕೂಡ ಅವರದ್ದೇ. ಶಾಲೆಯ ಕೋಣೆಯಲ್ಲಿ ಜಮಖಾನ ಹಾಸಿ ಮಲಗಿದ ನಟರಿಗೆ ಬೆಳಿಗ್ಗೆ ಯಾರ ಮನೆಯಿಂದ ಇಡ್ಲಿ, ಯಾರ ಮನೆಯಿಂದ ಸಾಂಬಾರು ಎಂದು ವಾರ ಮೊದಲೇ ಚರ್ಚೆಯಾಗಿರುತ್ತದೆ. ನಾಟಕ ಸೋತರೆ ಅವಮಾನ ಸಂಘಟಕರಿಗೂ ಸೇರಿದ್ದು, ಗೆದ್ದರೆ ಮರುದಿನ ಪೇಟೆಯಲ್ಲಿ ತಲೆ ಎತ್ತಿ ನಡೆಯುವವರೂ ಅವರೇ. ದೇವರ ಹೆಸರಿಲ್ಲದ ಸೇವಾಕರ್ತರು ಇವರು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರ ಎಂಬ ತಂಡವೂ ಊರೂರಿನ ಸಂಘಟಕರ ಹೆಗಲ ಮೇಲೆಯೇ ತಿರುಗುತ್ತ ಬಂದಿದೆ, ಅದಕ್ಕೆ ಬೆನ್ನಿಗೆ ಮಠವೂ ಇದೆ.

ಹಣ ಸಂಗ್ರಹದ ಹೊಣೆ ಹೊತ್ತವರು ಹರಕೆ ಮೇಳ ಮತ್ತು ತಿರುಗಾಟ, ಈ ಎರಡು ಉದಾಹರಣೆಗಳ ಮೇಲೆ ಒಂದು ಸಂಜೆ ಕಳೆಯುವುದು ಒಳ್ಳೆಯದು. ಏಕೆಂದರೆ ಈಗ ಎಲ್ಲರ ಕಣ್ಣು ಬಿದ್ದಿರುವುದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಮೇಲೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಹತ್ತು ಕೋಟಿ ಲಾಭಕ್ಕೆ ಇಪ್ಪತ್ತು ಲಕ್ಷ. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ, ಅದರಲ್ಲಿ ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಇದೆ. ಇಷ್ಟು ಓದಿದವರು ಕುಣಿದಾಡಿ ಬಿಡುತ್ತಾರೆ. ಮುಂದಿನದ್ದನ್ನೂ ಓದಬೇಕು. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ‘ನಿಮ್ಮ ಲೋಗೋ ವೇದಿಕೆಯ ಮೇಲೆ ದೊಡ್ಡದಾಗಿ ಹಾಕಿಸುತ್ತೇವೆ ಸಾರ್, ಸಿಎಸ್‌ಆರ್‌ನಲ್ಲಿ ಕೊಡಿ’ ಎಂದು ಕೇಳಿದವರು ಒಂದೇ ವಾಕ್ಯದಲ್ಲಿ ಎರಡು ಬಾಗಿಲು ಮುಚ್ಚಿಕೊಂಡಂತೆ. ಲೋಗೋ ಬೇಕಾದ ದುಡ್ಡು ಕಂಪನಿಯ ಮಾರ್ಕೆಟಿಂಗ್ ವಿಭಾಗದ್ದು, ಸಿಎಸ್‌ಆರ್ ದುಡ್ಡಿನ ಮೇಜು ಬೇರೆ, ಕೂತವರು ಬೇರೆ, ಭಾಷೆಯೂ ಬೇರೆ.

ಆ ಭಾಷೆಯ ರುಚಿ ಈ ಅಂಕಣಕಾರನಿಗೂ ಸಿಕ್ಕಿದೆ. ಸ್ನೇಹಿತರ ತಂಡವೊಂದರ ಜೊತೆ ಕಂಪನಿಯೊಂದರ ಎಂಟನೇ ಮಹಡಿಗೆ ಹೋಗಿದ್ದಾಗ ಭರ್ತಿ ಮಾಡಲು ಒಂದು ನಮೂನೆ ಕೊಟ್ಟರು. ‘ಫಲಾನುಭವಿಗಳ ಸಂಖ್ಯೆ’ ಎಂಬಲ್ಲಿ ನಿರ್ದೇಶಕರ ಪೆನ್ನು ನಿಂತಿತು. ನಾಟಕದ ಫಲಾನುಭವಿ ಯಾರು? ನೋಡಿದವನೋ, ಆಡಿದವನೋ? ನೋಡಿ ಮನೆಗೆ ಹೋಗಿ ಹೆಂಡತಿಯ ಜೊತೆ ಜಗಳ ಬಿಟ್ಟವನನ್ನು ಒಂದು ಎಂದು ಹಿಡಿಯಬೇಕೋ ಎರಡು ಎಂದೋ? ಕೊನೆಗೆ ಅವರು ಸರ್ಕಾರಿ ಶಾಲೆಯ ಮಕ್ಕಳಿಗೆ ರಂಗ ತರಬೇತಿ ಎಂದು ಬರೆದು 1,200 ಎಂದು ತುಂಬಿದರು. ಹಣವೂ ಬಂತು. ಆ ವರ್ಷ ತಂಡ ಶಾಲೆಗಳಲ್ಲಿ ಕಾರ್ಯಾಗಾರ ಮಾಡಿತು, ಚೆನ್ನಾಗಿಯೇ ಮಾಡಿತು, ಹೊಸ ನಾಟಕ ಮಾತ್ರ ಆಗಲಿಲ್ಲ. ಮಕ್ಕಳಿಗೆ ನಾಟಕ ಕಲಿಸುವುದು ಸಣ್ಣ ಕೆಲಸವೇನಲ್ಲ. ಆದರೆ ನಮೂನೆಯ ಕಾಲಂಗೆ ತಕ್ಕಂತೆ ತಂಡವೇ ತನ್ನ ಆಕಾರ ಬದಲಿಸಿಕೊಳ್ಳುತ್ತ ಹೋದರೆ ನಾಲ್ಕನೇ ವರ್ಷಕ್ಕೆ ಅಲ್ಲಿ ಉಳಿಯುವುದು ಕಾರ್ಯಾಗಾರದ ಅಂಗಡಿ. ದುಡ್ಡು ತರುವವರಿಗೆ ‘ಇದು ಬೇಡ’ ಎನ್ನುವ ಅಧಿಕಾರವೂ ಇರಬೇಕು ಎಂಬುದು ಇಲ್ಲಿಯ ಅಭಿಪ್ರಾಯ. ಆ ಮಾತು ಹೇಳುವಾಗ ಕಾರ್ಯಕಾರಿ ಸಮಿತಿಯವರು ಸೂರು ನೋಡುತ್ತಾರೆ, ಅದೂ ನಿಜ.

ತೆರಿಗೆಯ ವಿಷಯ ಬಂದರೆ ಎಲ್ಲರೂ ಹೇಳುವ ಮಂತ್ರ 80ಜಿ. ‘ಟ್ಯಾಕ್ಸ್ ಉಳಿಯುತ್ತೆ, ಕೊಡಿ.’ ಸಾಮಾನ್ಯವಾಗಿ ಅದಕ್ಕೆ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಯ ಅರ್ಧದಷ್ಟನ್ನು, ಒಂದು ಮಿತಿಯೊಳಗೆ, ಆದಾಯದಿಂದ ಕಳೆಯಬಹುದು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಅನುಕೂಲ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಒಪ್ಪಿಕೊಂಡವರಿಗಂತೂ ಈ ವಿನಾಯಿತಿಯೇ ಇಲ್ಲ, ಮತ್ತು ಈಗ ತಾನಾಗಿ ಅನ್ವಯವಾಗುವುದು ಆ ಹೊಸ ಪದ್ಧತಿಯೇ. ಸಂಬಳದಾರ ಪ್ರೇಕ್ಷಕರ ಮುಂದೆ ಮಂತ್ರದ ಶಕ್ತಿ ಉಡುಗಿದೆ. ಇದೊಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ತೆರಿಗೆ ಉಳಿಸಲು ನಾಟಕಕ್ಕೆ ಕೊಟ್ಟವರು ಮರುವರ್ಷ ಇನ್ನೆಲ್ಲೋ ಕೊಟ್ಟಿರುತ್ತಾರೆ.

ಹೊರದೇಶದ ಕನ್ನಡಿಗರ ವಿಷಯದಲ್ಲಂತೂ ಉತ್ಸಾಹಕ್ಕಿಂತ ಎಚ್ಚರ ಮುಖ್ಯ. ಅಮೆರಿಕದ ಯಾವುದೋ ಕನ್ನಡ ಕೂಟದಲ್ಲಿ ನಾಟಕ ಆಡಿದ ರಾತ್ರಿ ಪಕ್ಕಪಕ್ಕದ ಕುರ್ಚಿಯ ಇಬ್ಬರು ಗೆಳೆಯರು ತಲಾ ಐನೂರು ಡಾಲರ್ ಕಳಿಸುತ್ತೇವೆ ಎನ್ನುತ್ತಾರೆ. ಇಬ್ಬರೂ ಹಾಸನದವರೇ, ಒಂದೇ ಶಾಲೆಯಲ್ಲಿ ಓದಿದವರೇ. ಒಬ್ಬರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ. ಅವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಇನ್ನೊಬ್ಬರು ಅಮೆರಿಕದ ಪೌರತ್ವ ಪಡೆದಿದ್ದಾರೆ. ಅವರದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಮುಂಚಿತ ಅನುಮತಿಯೋ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಮೇಜಿನ ಮೇಲೆ ಹೋಳಿಗೆ ಇರುವಾಗ ಪಾಸ್‌ಪೋರ್ಟ್ ಯಾವುದು ಎಂದು ಕೇಳುವುದು ಮುಜುಗರದ ಕೆಲಸ, ಆದರೆ ಕೇಳಲೇಬೇಕು.

ಇಷ್ಟೆಲ್ಲ ಮಾಡಿ ಹಣ ಬಂತು ಎಂದುಕೊಂಡರೂ ಅದು ಯಾವುದಕ್ಕೆ ಬರುತ್ತದೆ ಎಂಬಲ್ಲಿ ನಿಜವಾದ ತೊಡಕು. ಯಾವುದೇ ಕಲ್ಯಾಣ ಮಂಟಪಕ್ಕೆ ಹೋಗಿ ತಲೆ ಎತ್ತಿ ನೋಡಿದರೆ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಕಾಣುತ್ತದೆ. ಟ್ಯೂಬ್‌ಲೈಟಿನ ಪಟ್ಟಿ, ಗೋಡೆ ಗಡಿಯಾರ, ಸ್ಟೀಲಿನ ನೀರಿನ ಡ್ರಮ್ಮು, ಎಲ್ಲದರ ಮೇಲೂ ಒಂದು ಹೆಸರು. ಆ ಫ್ಯಾನು ತಿರುಗಲು ಪ್ರತಿ ತಿಂಗಳು ಕಟ್ಟುವ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಯಾರ ಹೆಸರೂ ಇರುವುದಿಲ್ಲ. ರಂಗಸಂಸ್ಥೆಗಳ ಕಥೆಯೂ ಇದೇ. ಕಟ್ಟಡಕ್ಕೆ ಕಷ್ಟಪಟ್ಟಾದರೂ ಹಣ ಹುಟ್ಟುತ್ತದೆ, ಏಕೆಂದರೆ ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ವ್ಯಾನಿನ ಟಯರು, ಗುಮಾಸ್ತರ ಸಂಬಳ, ಡಿಮ್ಮರ್ ರಿಪೇರಿಗೆ ಕೇಳಿದರೆ ಕೊಡುವವರ ಮುಖ ಸಪ್ಪಗಾಗುತ್ತದೆ.

ಕಟ್ಟಡದ ಹಣವಾದರೂ ಸಲೀಸು ಎಂದಲ್ಲ. ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್‌ನಲ್ಲಿ, ಅವರ ಕನಸಿನ ರಂಗಮಂದಿರ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರವಾಗಿ ತೆರೆದದ್ದು 2004ರಲ್ಲಿ. ಜಾಗ ಸರ್ಕಾರ ಕೊಟ್ಟಿತು, ಉಳಿದದ್ದಕ್ಕೆ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟಿನವರು ವರ್ಷಗಟ್ಟಲೆ ಅಲೆದರು. ಅಲ್ಲಿಗೆ ಮುಗಿಯಲಿಲ್ಲ. ದಿನಕ್ಕೊಂದು ನಾಟಕ ಎಂದು ಪಣ ತೊಟ್ಟು, ತಂಡಗಳಿಗೆ ಕಡಿಮೆ ಬಾಡಿಗೆಗೆ ರಂಗಮಂದಿರ ಕೊಟ್ಟ ಮೇಲೆ, ಪ್ರತಿ ಪ್ರದರ್ಶನವೂ ಒಂದು ಅರ್ಥದಲ್ಲಿ ಸಂಸ್ಥೆಯ ಕೈಯಿಂದಲೇ ಸ್ವಲ್ಪ ಕಳೆಯುತ್ತದೆ. ಚೆನ್ನಾಗಿ ನಡೆದಷ್ಟೂ ಹೆಚ್ಚು ಹಣ ಬೇಕು. ವ್ಯಾಪಾರ ಗೊತ್ತಿರುವವರಿಗೆ ಈ ವಾಕ್ಯವನ್ನು ಎರಡು ಸಲ ಹೇಳಬೇಕಾಗುತ್ತದೆ. ಅಲ್ಲದೆ ಕನ್ನಡದ ಬಹುಪಾಲು ಸಂಸ್ಥೆಗಳಲ್ಲಿ ಹಣ ಬರುವುದು ಕಟ್ಟಿದವರ ಮುಖ ನೋಡಿ. ಆ ಮುಖ ಇಲ್ಲವಾದ ದಿನ ಏನು ಎಂಬ ಪ್ರಶ್ನೆಯನ್ನು ಅವರ ಎದುರಿಗೆ ಎತ್ತುವ ಧೈರ್ಯ ಯಾರಿಗೂ ಇರುವುದಿಲ್ಲ.

ನಿತ್ಯದ ಖರ್ಚಿಗೆ ನಮ್ಮ ಹಿರಿಯರು ಕಂಡುಕೊಂಡ ದಾರಿ ದತ್ತಿ. ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ಇಡುಗಂಟು ಇಟ್ಟರೆ ಪ್ರತಿವರ್ಷ ಆ ದಿನ ಅದರ ಬಡ್ಡಿಯಲ್ಲಿ ಪೂಜೆ ನಡೆಯುತ್ತದೆ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳೂ ಅದೇ ಲೆಕ್ಕ. ರಂಗಸಂಸ್ಥೆಗಳೂ ಇದನ್ನು ಅನುಸರಿಸಿದವು, ಒಂದು ತಪ್ಪಿನೊಂದಿಗೆ. ಎಂದೋ ಇಟ್ಟ 5,000 ರೂಪಾಯಿ ದತ್ತಿಗೆ ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 350 ರೂಪಾಯಿ. ದತ್ತಿ ಕಾರ್ಯಕ್ರಮದ ಅತಿಥಿಗೆ ಹಾಕುವ ಶಾಲು, ಹಾರಕ್ಕೇ ಅದು ಸಾಲದು. ಉಳಿದದ್ದನ್ನು ಸಂಸ್ಥೆಯೇ ಭರಿಸುತ್ತದೆ, ದಾನಿಯ ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಆಜೀವ ಸದಸ್ಯತ್ವದ್ದೂ ಅದೇ ಕಥೆ. ಒಮ್ಮೆ ಕೊಟ್ಟ ನೂರು ರೂಪಾಯಿಗೆ ಬದುಕಿರುವ ತನಕ ಆಮಂತ್ರಣ ಪತ್ರಿಕೆಯ ಅಂಚೆ ಖರ್ಚು. ಸೀಸನ್ ಟಿಕೆಟ್ ಇದಕ್ಕಿಂತ ಜಾಣ ಉಪಾಯ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದ, 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯಂಥವರಿಗೆ ಇದು ಚೆನ್ನಾಗಿ ಗೊತ್ತು. ಪ್ರತಿವರ್ಷ ಅದೇ ಕುರ್ಚಿಗೆ ಬಂದು ಕೂರುವ ರಸಿಕರನ್ನು ಯಾರೂ ಹೊಸದಾಗಿ ಒಪ್ಪಿಸಬೇಕಾಗಿಲ್ಲ.

ಹೊಸದಾಗಿ ಈ ಹೊಣೆ ಹೊತ್ತವರಿಗೆ ಕೆಲಸಕ್ಕೆ ಬರುವ ಒಂದು ಉಪಾಯ ಇಷ್ಟು: ಬೇಸರದ ಖರ್ಚನ್ನು ದಿನಗಳಾಗಿ ಒಡೆಯುವುದು. ‘ಸಂಸ್ಥೆಯ ನಿರ್ವಹಣೆಗೆ ನೆರವಾಗಿ’ ಎಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ‘ಆಗಸ್ಟ್ 14ರ ತಾಲೀಮು ನಿಮ್ಮದು, ಆ ದಿನದ ಹದಿನೆಂಟು ಜನರ ಊಟ, ಭತ್ಯೆ, ಕರೆಂಟು ಸೇರಿ ಇಷ್ಟಾಗುತ್ತದೆ, ಸಂಜೆ ಐದಕ್ಕೆ ಬಂದು ನಮ್ಮ ಜೊತೆ ಕಾಫಿ ಕುಡಿದು ಎರಡನೇ ಅಂಕದ ತಾಲೀಮು ನೋಡಿ’ ಎಂದರೆ ಬರುತ್ತಾರೆ. ಬಂದವರು ನಟನೊಬ್ಬ ಅದೇ ಸಾಲನ್ನು ಹನ್ನೊಂದನೇ ಸಲ ಹೇಳಿ ತಪ್ಪುವುದನ್ನು ನೋಡುತ್ತಾರೆ. ಪ್ರದರ್ಶನದ ದಿನ ಆ ಸಾಲು ಬಂದಾಗ ಇಡೀ ಸಭಾಂಗಣದಲ್ಲಿ ಉಸಿರು ಬಿಗಿಹಿಡಿದು ಕೂತವರು ಅವರೊಬ್ಬರೇ. ವೇದಿಕೆಯ ಮೇಲೆ ಶಾಲು ಹೊದಿಸಿ, ನಾಟಕಕ್ಕೆ ಮುಂಚೆ ಒಂದೂವರೆ ಗಂಟೆ ಭಾಷಣ ಮಾಡಿಸಿ ಪ್ರಾಯೋಜಕರಿಗೆ ಕೊಡುವ ಸುಖ ಇದರ ಕಾಲು ಭಾಗವೂ ಅಲ್ಲ. ಆ ಭಾಷಣದಿಂದ ನಾಟಕ ಒಂಬತ್ತಕ್ಕೆ ಶುರುವಾಗಿ, ಕೊನೆಯ ಬಸ್ಸಿನವರು ಕ್ಲೈಮ್ಯಾಕ್ಸಿಗೆ ಮುಂಚೆ ಎದ್ದು ಹೋಗುತ್ತಾರೆ.

ಅಂಕಣಕಾರನ ಖಜಾಂಚಿ ದಿನಗಳ ಒಂದು ಎಡವಟ್ಟನ್ನೂ ಹೇಳಬೇಕು. ಒಂದು ವರ್ಷ ಜಿಲ್ಲಾ ಕೇಂದ್ರದ ಉದ್ಯಮವೊಂದು ನಾಟಕದ ಪೂರ್ತಿ ಖರ್ಚು ತನ್ನದೆಂದು ಒಪ್ಪಿಕೊಂಡಿತು. ತಂಡಕ್ಕೆ ಸ್ವರ್ಗ. ಇನ್ನು ಐವತ್ತು ನೂರಕ್ಕೆಲ್ಲ ಅಂಗಡಿ ಅಂಗಡಿ ಅಲೆಯುವುದೇಕೆ ಎಂದು ರಸೀದಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ನಾಟಕವೂ ಆಯಿತು. ಸಭಾಂಗಣದಲ್ಲಿ ಯಾಕೋ ಪೇಟೆಯ ಮುಖಗಳೇ ಕಾಣಲಿಲ್ಲ. ಮರುವರ್ಷ ಉದ್ಯಮದ ವ್ಯವಸ್ಥಾಪಕರು ಬದಲಾದರು, ಹೊಸಬರಿಗೆ ನಾಟಕದಲ್ಲಿ ಆಸಕ್ತಿ ಇರಲಿಲ್ಲ. ಬೀರು ತೆಗೆದು, ಪುಸ್ತಕ ಒರೆಸಿಕೊಂಡು ಮತ್ತೆ ಪೇಟೆಗೆ ಇಳಿಯಬೇಕಾಯಿತು.

ಬಸ್‌ಸ್ಟ್ಯಾಂಡ್ ಎದುರಿನ ಕಿರಾಣಿ ಅಂಗಡಿಯ ವೃದ್ಧರೊಬ್ಬರು ಪ್ರತಿವರ್ಷ 101 ಬರೆಯುತ್ತಿದ್ದವರು. ಅವರು ಪುಸ್ತಕ ಮುಟ್ಟಲೇ ಇಲ್ಲ. ಬೆಲ್ಲ ತೂಗುತ್ತಲೇ, “ಹೋದ ವರ್ಷ ನಾಟಕ ಮಾಡಿದ್ರಂತೆ?” ಎಂದರು. ಹೌದು ಎಂದದ್ದಾಯಿತು. “ನಮ್ಮಲ್ಲಿಗೆ ಬರಲೇ ಇಲ್ಲ. ನಾವೇನು ಅಂತ ಬರೋದು ಮತ್ತೆ ನೋಡೋದಕ್ಕೆ?” ಖಜಾಂಚಿಯ ಬಳಿ ಉತ್ತರ ಇರಲಿಲ್ಲ. ಗಿರಾಕಿಗೆ ಚಿಲ್ಲರೆ ಕೊಟ್ಟು, ಕೈ ಒರೆಸಿಕೊಂಡು, ಗಲ್ಲಾದಿಂದ 202 ರೂಪಾಯಿ ಎಣಿಸಿ ಮುಂದಿಟ್ಟರು. ಹೋದ ವರ್ಷದ್ದೂ ಸೇರಿತ್ತು. ರಸೀದಿ ಮಾತ್ರ ಒಂದರಲ್ಲಿ ಬರೆಯಲು ಬಿಡಲಿಲ್ಲ, ಎರಡು ಬೇರೆ ಬೇರೆ ಕೇಳಿದರು, ಮೊದಲನೆಯದಕ್ಕೆ ಹೋದ ವರ್ಷದ ತಾರೀಕು ಹಾಕಿಸಿಕೊಂಡರು.